ನಾಡಿ ಹಿಡಿಯದ ಕೈ: ಹೈದರಾಬಾದಿನ ಕ್ಲೋರೋಫಾರ್ಮ್ ಆಯೋಗದ ಕಥೆ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಿರಿಯರು ಮಾತಿಗೆ ಕುಳಿತರೆ ‘ನಿಜಾಮನ ಕಾಲ’ ಎಂಬ ಮಾತು ಬಾರದೆ ಇರುವುದಿಲ್ಲ. ಆ ಕಾಲದ ಕಂದಾಯದ ಕಾಟ, ಉರ್ದು ಕಾಗದಪತ್ರ, ಕೊನೆಯ ದಿನಗಳ ರಜಾಕಾರರ ಹಾವಳಿ ಎಲ್ಲವೂ ಇಲ್ಲಿನವರಿಗೆ ಗೊತ್ತು. ಆದರೆ ಅದೇ ನಿಜಾಮ ಸರ್ಕಾರ ಶತಮಾನಕ್ಕೂ ಹಿಂದೆ ಲಂಡನ್ನಿನ ವೈದ್ಯರನ್ನು ಕಾಡುತ್ತಿದ್ದ ಒಂದು ಪ್ರಶ್ನೆಗೆ ಉತ್ತರ ಹುಡುಕಲು ಹಣ ಕೊಟ್ಟಿತ್ತು, ಹೈದರಾಬಾದಿನಲ್ಲಿ ಎರಡು ಆಯೋಗಗಳನ್ನು ಕೂರಿಸಿತ್ತು ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದ ಸಂಗತಿಯಲ್ಲ.

ಪ್ರಶ್ನೆ ಇಷ್ಟೇ: ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗೆ ಕ್ಲೋರೋಫಾರ್ಮ್ ಮೂಸಿಸುವಾಗ ಒಮ್ಮೊಮ್ಮೆ ರೋಗಿ ಮೇಜಿನ ಮೇಲೆಯೇ ಸತ್ತುಹೋಗುತ್ತಾನಲ್ಲ, ಅವನ ಉಸಿರು ಮೊದಲು ನಿಲ್ಲುತ್ತದೆಯೋ, ಹೃದಯ ಮೊದಲು ನಿಲ್ಲುತ್ತದೆಯೋ?

ಇದು ಪಂಡಿತರ ಕಾಲಹರಣದ ಪ್ರಶ್ನೆಯಲ್ಲ. ಉಸಿರು ಮೊದಲು ನಿಲ್ಲುವುದಾದರೆ ವೈದ್ಯ ರೋಗಿಯ ಎದೆಯ ಏರಿಳಿತವನ್ನಷ್ಟೇ ನೋಡುತ್ತಿದ್ದರೆ ಸಾಕು. ಅಪಾಯದ ಸೂಚನೆ ಸಿಗುತ್ತದೆ, ಕೃತಕವಾಗಿ ಉಸಿರಾಡಿಸಿ ಬದುಕಿಸಿಕೊಳ್ಳಲು ಸಮಯವೂ ಸಿಗುತ್ತದೆ. ಹೃದಯವೇ ಮೊದಲು ನಿಲ್ಲುವುದಾದರೆ ಉಸಿರನ್ನಷ್ಟೇ ನೋಡುತ್ತ ಕುಳಿತವನಿಗೆ ಸೂಚನೆಯೇ ಸಿಗುವುದಿಲ್ಲ. ಹಾಗಾಗಿ ಈ ಪ್ರಶ್ನೆಯ ಉತ್ತರದ ಮೇಲೆ ಪ್ರಾಣಗಳು ನಿಂತಿದ್ದವು.

ಎರಡು ಬಣಗಳು

ಹಲ್ಲು ಕಚ್ಚಿಕೊಂಡು, ನಾಲ್ಕು ಜನರ ಕೈಯಲ್ಲಿ ಅದುಮಿಸಿಕೊಂಡು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ ಕಾಲ ಮುಗಿದದ್ದು 1846ರಲ್ಲಿ. ಆ ವರ್ಷದ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಈಥರ್ ಕೊಟ್ಟು ರೋಗಿಯ ಪ್ರಜ್ಞೆ ತಪ್ಪಿಸಿ ಗಡ್ಡೆ ತೆಗೆದದ್ದು ಜಗತ್ತಿನಾದ್ಯಂತ ಸುದ್ದಿಯಾಯಿತು. ಮರುವರ್ಷ ನವೆಂಬರಿನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದ ಹೆರಿಗೆ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಕ್ಲೋರೋಫಾರ್ಮ್ ಅನ್ನು ಬಳಕೆಗೆ ತಂದ. ಅದರ ವಾಸನೆ ಸಿಹಿ. ಒಂದಿಷ್ಟು ಹನಿಯನ್ನು ಬಟ್ಟೆಯ ಮೇಲೆ ಚಿಮುಕಿಸಿ ಮೂಗಿನ ಬಳಿ ಹಿಡಿದರೆ ಸಾಕಿತ್ತು. ಈಥರ್‌ನಂತೆ ಅದು ಬೆಂಕಿಗೆ ಬೇಗ ಹೊತ್ತಿಕೊಳ್ಳುವುದಿಲ್ಲ, ಬಿಸಿಲ ನಾಡಿನಲ್ಲಿ ಬಾಟಲಿ ತೆರೆದೊಡನೆ ಹಾರಿಹೋಗುವುದೂ ಇಲ್ಲ. ಭಾರತದ ಆಸ್ಪತ್ರೆಗಳಿಗೆ ಇದು ಹೇಳಿ ಮಾಡಿಸಿದಂತಿತ್ತು.

ಆದರೆ 1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ ಹಾನ್ನಾ ಗ್ರೀನರ್ ಎಂಬ 15 ವರ್ಷದ ಹುಡುಗಿ ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳಲು ಹೋಗಿ, ಕ್ಲೋರೋಫಾರ್ಮ್ ಮೂಸಿದ ಕೆಲವೇ ನಿಮಿಷಗಳಲ್ಲಿ ಸತ್ತಳು. ಗಟ್ಟಿಮುಟ್ಟಾದ ಹುಡುಗಿ, ಸಣ್ಣ ಚಿಕಿತ್ಸೆ. ಅಂಥ ಸಾವುಗಳು ಆಮೇಲೂ ನಡೆದವು. ಸಾವಿರಾರು ಜನರಲ್ಲಿ ಒಬ್ಬರಿಗೆ ಹೀಗಾಗುತ್ತಿತ್ತು. ಆ ಒಬ್ಬರು ಯಾರೆಂದು ಮೊದಲೇ ಹೇಳಲು ಯಾರಿಗೂ ಬರುತ್ತಿರಲಿಲ್ಲ.

ಲಂಡನ್ನಿನ ಜಾನ್ ಸ್ನೋ ಇದಕ್ಕೆ ಹೃದಯವೇ ಕಾರಣ ಎಂದ. ಕಾಲರಾ ಹರಡುವುದು ಕೊಳಕು ನೀರಿನಿಂದ ಎಂದು 1854ರಲ್ಲಿ ಬೀದಿ ಪಂಪೊಂದರ ಹಿಡಿಯನ್ನು ತೆಗೆಸಿದ ಸ್ನೋ ಈತನೇ. ರಾಣಿ ವಿಕ್ಟೋರಿಯಾಳ ಹೆರಿಗೆಯಲ್ಲಿ 1853ರಲ್ಲಿ ಕ್ಲೋರೋಫಾರ್ಮ್ ಕೊಟ್ಟವನೂ ಇವನೇ. ಗಾಳಿಯಲ್ಲಿ ಕ್ಲೋರೋಫಾರ್ಮ್ ಪ್ರಮಾಣ ಹೆಚ್ಚಾದರೆ ಹೃದಯ ತಟ್ಟನೆ ನಿಲ್ಲುತ್ತದೆ. ಆದ್ದರಿಂದ ಅಳತೆ ಮಾಡಿ ಕೊಡುವ ಉಪಕರಣ ಬೇಕು, ನಾಡಿಯ ಮೇಲೆ ಬೆರಳಿರಬೇಕು ಎಂಬುದು ಲಂಡನ್ನಿನವರ ವಾದ.

ಎಡಿನ್‌ಬರೋದ ಹಿರಿಯ ಶಸ್ತ್ರವೈದ್ಯ ಜೇಮ್ಸ್ ಸೈಮ್‌ನದು ಇದಕ್ಕೆ ತದ್ವಿರುದ್ಧ. ಉಪಕರಣ ಬೇಡ, ಒಂದು ಬಟ್ಟೆ ಸಾಕು. ನಾಡಿ ನೋಡಬೇಡಿ, ಉಸಿರು ನೋಡಿ ಎಂದು ಅವನು ಶಿಷ್ಯರಿಗೆ ಕಲಿಸಿದ. ಅವನ ಅಳಿಯ, ಶಸ್ತ್ರಚಿಕಿತ್ಸೆಗೆ ನಂಜುನಿರೋಧ ತಂದ ಜೋಸೆಫ್ ಲಿಸ್ಟರ್ ಕೂಡ ಇದೇ ಪಂಥದವನು. ಹೀಗೆ ಒಂದೇ ಔಷಧಿಗೆ ಎರಡು ಮಠಗಳು ಹುಟ್ಟಿಕೊಂಡವು. ಆ ಮಠಗಳಿಗೆ ಗುರುಗಳೂ ಇದ್ದರು, ಗುರುವಿನ ಮಾತನ್ನು ಬಿಟ್ಟುಕೊಡದ ಶಿಷ್ಯರೂ ಇದ್ದರು.

ಹೈದರಾಬಾದಿಗೆ ಬಂದ ಶಿಷ್ಯ

ಅಂಥ ಶಿಷ್ಯರಲ್ಲಿ ಒಬ್ಬ ಎಡ್ವರ್ಡ್ ಲೌರಿ. ಎಡಿನ್‌ಬರೋದಲ್ಲಿ ಸೈಮ್‌ನ ಕೈಕೆಳಗೆ ಕಲಿತು, ಲಾಹೋರಿನಲ್ಲಿ ಕೆಲಸ ಮಾಡಿ, 1885ರಲ್ಲಿ ಹೈದರಾಬಾದಿನ ಬ್ರಿಟಿಷ್ ರೆಸಿಡೆನ್ಸಿಯ ಶಸ್ತ್ರವೈದ್ಯನಾಗಿ ಬಂದ. 1846ರಲ್ಲಿ ಆರಂಭವಾಗಿದ್ದ ಹೈದರಾಬಾದ್ ವೈದ್ಯಕೀಯ ಶಾಲೆಯೂ ಅಫಜಲ್‌ಗಂಜ್ ಆಸ್ಪತ್ರೆಯೂ ಅವನ ಆಡಳಿತಕ್ಕೆ ಬಂದವು. ಗುಲ್ಬರ್ಗ ಜಿಲ್ಲೆ ಸೇರಿದಂತೆ ಇಡೀ ಸಂಸ್ಥಾನಕ್ಕೆ ಹೊಸ ಬಗೆಯ ವೈದ್ಯರನ್ನು ತಯಾರಿಸುತ್ತಿದ್ದುದು ಈ ಶಾಲೆಯೇ. ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಬಾಗಿಲು ತೆರೆದದ್ದು 1963ರಲ್ಲಿ ಎಂಬುದನ್ನು ನೆನೆದರೆ ಆ ಶಾಲೆಯ ಮಹತ್ವ ಗೊತ್ತಾಗುತ್ತದೆ.

ಲೌರಿ ಕೆಲಸದಲ್ಲಿ ನಿಪುಣ, ಕಲಿಸುವುದರಲ್ಲಿ ಉದಾರಿ. ಹೆಣ್ಣುಮಕ್ಕಳಿಗೂ ಶಾಲೆಯಲ್ಲಿ ಅವಕಾಶವಿತ್ತು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆಯರಲ್ಲಿ ಒಬ್ಬರೆಂದು ಹೆಸರಾದ ಡಾ. ರೂಪಾಬಾಯಿ ಫರ್ದೂನ್‌ಜಿ ಅಲ್ಲಿಯೇ ಕಲಿತವರು. ತನ್ನ ವಿದ್ಯಾರ್ಥಿಗಳು ಸೈಮ್‌ನ ಕ್ರಮದಲ್ಲಿ ಸಾವಿರಾರು ಜನರಿಗೆ ಕ್ಲೋರೋಫಾರ್ಮ್ ಕೊಟ್ಟರೂ ಒಂದು ಸಾವೂ ಆಗಿಲ್ಲ ಎಂದು ಲೌರಿ ಹೇಳುತ್ತಿದ್ದ. ಲಂಡನ್ನಿನವರು ನಾಡಿ ಹಿಡಿದು ಕುಳಿತು ಉಸಿರಿನತ್ತ ಗಮನ ಕೊಡದ ಕಾರಣಕ್ಕೇ ಅಲ್ಲಿ ರೋಗಿಗಳು ಸಾಯುತ್ತಾರೆ ಎಂಬುದು ಅವನ ತರ್ಕ.

ಇದನ್ನು ಪ್ರಯೋಗದಿಂದ ಸಾಧಿಸಿ ತೋರಿಸಬೇಕೆಂದು 1888ರಲ್ಲಿ ಮೊದಲ ಕ್ಲೋರೋಫಾರ್ಮ್ ಆಯೋಗ ರಚನೆಯಾಯಿತು. ಪ್ಯಾಟ್ರಿಕ್ ಹೆಹಿರ್ ಅದರ ಮುಖ್ಯಸ್ಥ. ನೂರಕ್ಕೂ ಹೆಚ್ಚು ನಾಯಿಗಳಿಗೆ ಕ್ಲೋರೋಫಾರ್ಮ್ ಕೊಟ್ಟು ನೋಡಿದರು. ಎಲ್ಲ ಪ್ರಕರಣಗಳಲ್ಲೂ ಉಸಿರು ಮೊದಲು ನಿಂತಿತು, ಹೃದಯ ಆಮೇಲೆ ನಿಂತಿತು ಎಂದು ಆಯೋಗ ಹೇಳಿತು.

ಲಂಡನ್ನಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ಇದನ್ನು ನಂಬಲಿಲ್ಲ. ಆಗ ಲೌರಿ ಇಟ್ಟ ಹೆಜ್ಜೆ ಇಂದಿಗೂ ಮೆಚ್ಚುವಂಥದು. ನಂಬದಿದ್ದರೆ ನಿಮ್ಮವರನ್ನೇ ಕಳಿಸಿ, ಬಂದು ನೋಡಲಿ ಎಂದು ಪತ್ರಿಕೆಗೆ ಸವಾಲು ಹಾಕಿದ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಅದಕ್ಕೆ 1,000 ಪೌಂಡ್ ಕೊಟ್ಟ. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಸಂಸ್ಥಾನದ ಬೊಕ್ಕಸದ ಮುಖ್ಯ ಆದಾಯ ಭೂಕಂದಾಯವೇ ಆಗಿತ್ತು. ಭೀಮೆಯ ದಂಡೆಯ ಕರಿನೆಲದ ಜೋಳದ ಹೊಲಗಳೂ ಅದಕ್ಕೆ ತಮ್ಮ ಪಾಲು ಸಲ್ಲಿಸುತ್ತಿದ್ದವು.

ಎರಡನೆಯ ಆಯೋಗ

ಲ್ಯಾನ್ಸೆಟ್ ಕಳಿಸಿದ್ದು ಡಾ. ಥಾಮಸ್ ಲಾಡರ್ ಬ್ರಂಟನ್ ಎಂಬ ಹೆಸರಾಂತ ಔಷಧ ವಿಜ್ಞಾನಿಯನ್ನು. ಎದೆನೋವಿಗೆ ಅಮೈಲ್ ನೈಟ್ರೈಟ್ ಕೊಡಬಹುದೆಂದು 1867ರಲ್ಲಿ ತೋರಿಸಿಕೊಟ್ಟವನು ಆತ. ಕ್ಲೋರೋಫಾರ್ಮ್ ಹೃದಯಕ್ಕೆ ಅಪಾಯ ಎಂಬ ಪಕ್ಷದ ಕಡೆ ಒಲವಿದ್ದವನು. ಬ್ರಂಟನ್, ಲೌರಿ, ಜೆರಾಲ್ಡ್ ಬಾಮ್‌ಫರ್ಡ್, ರುಸ್ತುಂಜಿ ಹಕೀಂ, ಈ ನಾಲ್ವರು ಎರಡನೆಯ ಆಯೋಗದ ಸದಸ್ಯರು. 1889ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ನಾಯಿ, ಕೋತಿ, ಕುದುರೆ, ಆಡು, ಬೆಕ್ಕು, ಮೊಲ ಸೇರಿ ನಾಲ್ಕುನೂರಕ್ಕೂ ಹೆಚ್ಚು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು. ರಕ್ತದ ಒತ್ತಡ, ಉಸಿರಾಟದ ಏರಿಳಿತಗಳನ್ನು ಯಂತ್ರದಿಂದ ರೇಖೆಯಾಗಿ ಬರೆಸಿ ಅವುಗಳ ಛಾಯಾಚಿತ್ರ ತೆಗೆದಿಟ್ಟರು.

ಕೊನೆಗೆ ಬ್ರಂಟನ್ ತನ್ನ ಅಭಿಪ್ರಾಯ ಬದಲಿಸಿದ. ಅಪಾಯ ಉಸಿರು ಕಟ್ಟುವುದರಿಂದ ಅಥವಾ ಔಷಧಿ ಅತಿಯಾಗುವುದರಿಂದ; ನೇರವಾಗಿ ಹೃದಯಕ್ಕೆ ಏನೂ ಇಲ್ಲ ಎಂದು ಲಂಡನ್ನಿಗೆ ತಂತಿ ಕಳಿಸಿದ. 1890ರಲ್ಲಿ ಲ್ಯಾನ್ಸೆಟ್ ವರದಿಯನ್ನು ಪ್ರಕಟಿಸಿತು. 1891ರಲ್ಲಿ ಮುಂಬಯಿಯಲ್ಲಿ ಅದು ದಪ್ಪ ಪುಸ್ತಕವಾಗಿಯೂ ಅಚ್ಚಾಯಿತು. ಹೈದರಾಬಾದ್ ಗೆದ್ದಿತ್ತು. ವಸಾಹತಿನ ಒಂದು ದೇಶೀ ಸಂಸ್ಥಾನ ಲಂಡನ್ನಿಗೆ ವಿಜ್ಞಾನ ಕಲಿಸಿತ್ತು. ಕಥೆ ಇಲ್ಲಿಗೇ ಮುಗಿದಿದ್ದರೆ ನಮಗೆಲ್ಲ ಹೆಮ್ಮೆಯ ವಿಷಯವಾಗುತ್ತಿತ್ತು.

ಎಲ್ಲಿ ಎಡವಿದರು?

ಆದರೆ ಒಪ್ಪದವರು ಸುಮ್ಮನಾಗಲಿಲ್ಲ. ಸ್ಕಾಟ್ಲೆಂಡಿನವನೇ ಆದ ಅಬರ್ಡೀನ್‌ನ ಜಾನ್ ಮ್ಯಾಕ್‌ವಿಲಿಯಂ 1890ರಲ್ಲಿಯೇ ಕ್ಲೋರೋಫಾರ್ಮ್‌ನಿಂದ ಹೃದಯ ಹಿಗ್ಗಿ ದುರ್ಬಲವಾಗುವುದನ್ನು ತೋರಿಸಿದ. ಕೇಂಬ್ರಿಜ್‌ನ ಗ್ಯಾಸ್ಕೆಲ್ ಮತ್ತು ಶೋರ್ 1893ರಲ್ಲಿ ಹೈದರಾಬಾದಿನ ವರದಿಯನ್ನು ಬಿಡಿಬಿಡಿಯಾಗಿ ವಿಮರ್ಶಿಸಿ, ಹೃದಯದ ಮೇಲೆ ನೇರ ಪರಿಣಾಮ ಇದೆ ಎಂದರು. ಕೊನೆಯ ಮಾತು ಬಂದದ್ದು 1911ರಲ್ಲಿ. ಲಂಡನ್ನಿನ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲೆ ಪ್ರಯೋಗ ನಡೆಸಿ ಎಲ್ಲರ ಲೆಕ್ಕಾಚಾರಕ್ಕೂ ಹೊರತಾದ ಸಂಗತಿಯನ್ನು ಕಂಡುಕೊಂಡ. ಕ್ಲೋರೋಫಾರ್ಮ್ ಹೆಚ್ಚಾದಾಗ ಮಾತ್ರವಲ್ಲ, ಕಡಿಮೆ ಇದ್ದಾಗಲೂ ಅಪಾಯವಿದೆ. ಅರೆ ಮಂಪರಿನಲ್ಲಿರುವಾಗ ರೋಗಿ ಬೆದರಿದರೆ ದೇಹದಲ್ಲಿ ಅಡ್ರಿನಲಿನ್ ಉಕ್ಕುತ್ತದೆ. ಕ್ಲೋರೋಫಾರ್ಮ್‌ಗೆ ಸಿಕ್ಕ ಹೃದಯಕ್ಕೆ ಅದು ತಾಗಿದರೆ ಹೃದಯದ ಕೆಳಕೋಣೆಗಳು ಬಡಿಯುವುದನ್ನು ಬಿಟ್ಟು ಅದುರತೊಡಗುತ್ತವೆ. ರಕ್ತ ಮುಂದೆ ಸಾಗುವುದಿಲ್ಲ. ಕ್ಷಣಗಳಲ್ಲಿ ಸಾವು. ಉಗುರು ತೆಗೆಸಿಕೊಳ್ಳಲು ಹೋದ ಹಾನ್ನಾಳಂಥ ಗಟ್ಟಿಮುಟ್ಟಾದವರು, ಚಿಕಿತ್ಸೆಯ ಆರಂಭದಲ್ಲೇ ಏಕೆ ಸಾಯುತ್ತಿದ್ದರು ಎಂಬುದಕ್ಕೆ ಅದರಿಂದ ವಿವರಣೆ ಸಿಕ್ಕಿತು.

ಹೈದರಾಬಾದಿನ ಆಯೋಗ ಸುಳ್ಳು ಹೇಳಿರಲಿಲ್ಲ. ಅವರು ಕಂಡದ್ದು ನಿಜವೇ. ಪ್ರಾಣಿಗಳಿಗೆ ಸಾಯುವವರೆಗೆ ಕ್ಲೋರೋಫಾರ್ಮ್ ಕೊಡುತ್ತ ಹೋದರೆ ಸಾಮಾನ್ಯವಾಗಿ ಉಸಿರೇ ಮೊದಲು ನಿಲ್ಲುತ್ತದೆ. ಆದರೆ ಆಸ್ಪತ್ರೆಯಲ್ಲಿ ಜನ ಸಾಯುತ್ತಿದ್ದುದು ಆ ರೀತಿಯಲ್ಲಿ ಅಲ್ಲ. ಕೇಳಿದ ಪ್ರಶ್ನೆಯೇ ಪಕ್ಕಕ್ಕೆ ಸರಿದಿತ್ತು. ಸಾವಿರಾರು ಜನರಲ್ಲಿ ಒಬ್ಬರಿಗೆ ಆಗುವ ಅನಾಹುತವನ್ನು ನಾಲ್ಕುನೂರು ಪ್ರಾಣಿಗಳಲ್ಲಿ ಕಾಣದೆ ಹೋದದ್ದು ಆಶ್ಚರ್ಯವಲ್ಲ. ಕಾಣಲಿಲ್ಲ ಎಂಬುದನ್ನು ಇಲ್ಲವೇ ಇಲ್ಲ ಎಂದು ಬರೆದದ್ದು ಮಾತ್ರ ದುಬಾರಿಯಾಯಿತು. ನಾಡಿ ನೋಡುವ ಅಗತ್ಯವಿಲ್ಲ ಎಂಬ ಪಾಠ ಹಲವು ವೈದ್ಯರ ಕೈಯನ್ನು ರೋಗಿಯ ಮಣಿಕಟ್ಟಿನಿಂದ ತೆಗೆಸಿತು. ಕ್ಲೋರೋಫಾರ್ಮ್ ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಬಳಕೆಯಲ್ಲಿತ್ತು.

ಆಯೋಗದಿಂದ ಒಳಿತೂ ಆಯಿತು ಎನ್ನುವುದನ್ನು ಮರೆಯಬಾರದು. ರೋಗಿಯ ಉಸಿರಿನ ದಾರಿಯನ್ನು ತೆರೆದಿಡಬೇಕು, ಉಸಿರಾಟದ ಮೇಲೆ ಎಡೆಬಿಡದೆ ಕಣ್ಣಿಡಬೇಕು ಎಂದು ಅದು ಒತ್ತಿ ಹೇಳಿದ್ದು ಇಂದಿಗೂ ಸರಿಯಾದ ಪಾಠ. ಇಂದಿನ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಉಸಿರನ್ನೂ ನಾಡಿಯನ್ನೂ ಒಟ್ಟಿಗೆ ಯಂತ್ರಗಳು ಕಾಯುತ್ತವೆ. ಎರಡೂ ಮಠಗಳು ಅರ್ಧರ್ಧ ಸರಿ ಎಂದು ಒಪ್ಪಿಕೊಂಡ ಹಾಗೆ.

ಯಾರ ಹಿತ, ಯಾರ ಹಟ?

‘ಹಿತಾಸಕ್ತಿ ಸಂಘರ್ಷ’ ಎಂಬ ಮಾತು ಕೇಳಿದೊಡನೆ ನಮಗೆ ನೆನಪಾಗುವುದು ಲಂಚ, ಕಮಿಷನ್, ಔಷಧ ಕಂಪನಿಯ ಖರ್ಚಿನಲ್ಲಿ ವಿದೇಶ ಪ್ರವಾಸ. ಲೌರಿಗೆ ಕ್ಲೋರೋಫಾರ್ಮ್ ಮಾರುವ ಅಂಗಡಿ ಇರಲಿಲ್ಲ. ಆದರೂ ಅವನು ತಟಸ್ಥನಾಗಿರಲಿಲ್ಲ. ವಾದ ಅವನದು, ವಾದವನ್ನು ಪರೀಕ್ಷಿಸುವ ಆಯೋಗದಲ್ಲಿ ಅವನೇ ಸದಸ್ಯ, ಪ್ರಯೋಗ ನಡೆದದ್ದು ಅವನದೇ ಆಡಳಿತದ ಶಾಲೆಯಲ್ಲಿ, ಫಲಿತಾಂಶದ ಮೇಲೆ ನಿಂತದ್ದು ಅವನ ಗುರುವಿನ ಮಾನ. ಮೇಲಾಗಿ ನಿಜಾಮನ ಹೆಸರು, ಸಂಸ್ಥಾನದ ಪ್ರತಿಷ್ಠೆ. ತಾನೇ ವಾದಿ, ತಾನೇ ಸಾಕ್ಷಿ, ತಾನೇ ನ್ಯಾಯಾಧೀಶ. ಹಣ ಪಡೆದವನು ತನ್ನ ಒಲವನ್ನು ಬಲ್ಲ, ಬಚ್ಚಿಡುತ್ತಾನೆ. ಗುರುಭಕ್ತಿಯಿಂದ ಒಲಿದವನಿಗೆ ಅದು ಒಲವೆಂದೇ ತಿಳಿಯುವುದಿಲ್ಲ; ಸತ್ಯವೆಂದೇ ತೋರುತ್ತದೆ. ಹಾಗಾಗಿ ಎರಡನೆಯದು ಮೊದಲನೆಯದಕ್ಕಿಂತ ಕಡಿಮೆ ಅಪಾಯದ್ದೇನಲ್ಲ.

ಬ್ರಂಟನ್ ಎದುರು ಪಕ್ಷದಿಂದ ಬಂದವನಲ್ಲವೇ ಎಂದು ಕೇಳಬಹುದು. ನಿಜ. ಆದರೆ ಅವನೂ ಪರೀಕ್ಷಿಸಿದ್ದು ಹೈದರಾಬಾದಿನ ಪ್ರಶ್ನೆಯನ್ನೇ. ಉತ್ತರವನ್ನು ಬದಲಿಸಿಕೊಳ್ಳುವ ಧೈರ್ಯ ಅವನಿಗಿತ್ತು. ಪ್ರಶ್ನೆಯನ್ನೇ ಬದಲಿಸುವ ಕೆಲಸಕ್ಕೆ ಇನ್ನೂ 20 ವರ್ಷ ಕಾಯಬೇಕಾಯಿತು.

ಅಭಿಪ್ರಾಯ ಭೇದ ಇದ್ದದ್ದರಿಂದಲೇ ಆ ಕೆಲಸ ಆಯಿತು ಎಂಬುದನ್ನೂ ಗಮನಿಸಬೇಕು. ವೈದ್ಯರು ಪರಸ್ಪರ ಜಗಳವಾಡಿದರೆ ಸಾಮಾನ್ಯ ಜನರಿಗೆ ಗಾಬರಿ. ಯಾರನ್ನು ನಂಬುವುದು ಎಂಬ ಗೊಂದಲ. ಆದರೆ ಮ್ಯಾಕ್‌ವಿಲಿಯಂ, ಗ್ಯಾಸ್ಕೆಲ್, ಲೆವಿ ಇವರೆಲ್ಲ ಲ್ಯಾನ್ಸೆಟ್ ಅಚ್ಚು ಹಾಕಿದ್ದನ್ನು ವೇದವಾಕ್ಯವೆಂದು ಒಪ್ಪಿ ಸುಮ್ಮನಿದ್ದಿದ್ದರೆ ಸಾವಿನ ಕಾರಣ ಇನ್ನಷ್ಟು ಕಾಲ ಗುಟ್ಟಾಗಿಯೇ ಉಳಿಯುತ್ತಿತ್ತು.

ಇಂದಿನ ಕಟ್ಟಳೆ

ಇಂಥ ಪಾಠಗಳನ್ನು ಕಲಿತ ಮೇಲೆ ಕಟ್ಟಳೆಗಳು ಬಂದವು. ಭಾರತದಲ್ಲಿ 2009ರ ಜೂನ್ 15ರಿಂದ ಮನುಷ್ಯರ ಮೇಲಿನ ಔಷಧ ಪ್ರಯೋಗಗಳನ್ನು ಆರಂಭಕ್ಕೆ ಮೊದಲೇ ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸುವುದು ಕಡ್ಡಾಯವಾಯಿತು. ಫಲಿತಾಂಶ ಬಂದ ಮೇಲೆ ಪ್ರಶ್ನೆ ಬದಲಿಸುವ ಚಾಳಿಗೆ ಇದು ತಡೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ನೈತಿಕ ಸಮಿತಿಯಲ್ಲಿ ಕನಿಷ್ಠ 7 ಸದಸ್ಯರಿರಬೇಕು, ಅರ್ಧದಷ್ಟಾದರೂ ಜನ ಆ ಸಂಸ್ಥೆಗೆ ಸೇರದವರಾಗಿರಬೇಕು, ಹಿತಾಸಕ್ತಿ ಇರುವ ಸದಸ್ಯ ಆ ವಿಷಯದ ಪರಿಶೀಲನೆಯಿಂದ ಹೊರಗುಳಿಯಬೇಕು. ವೈದ್ಯರಲ್ಲದ ಸಾಮಾನ್ಯ ವ್ಯಕ್ತಿಯೊಬ್ಬರೂ ಇರಬೇಕು. ಲೌರಿಯ ನಾಲ್ವರ ಆಯೋಗ ಈ ಅಳತೆಯಲ್ಲಿ ಪಾಸಾಗುತ್ತಿರಲಿಲ್ಲ.

ಕಟ್ಟಳೆ ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ ಎನ್ನುವುದಕ್ಕೆ ಈಗ ತೆಲಂಗಾಣಕ್ಕೆ ಸೇರಿರುವ ಖಮ್ಮಂ ಜಿಲ್ಲೆ ಸಾಕ್ಷಿ. 2009ರಲ್ಲಿ ಅಲ್ಲಿ ಮತ್ತು ಗುಜರಾತಿನ ವಡೋದರಾದಲ್ಲಿ ಸಾವಿರಾರು ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿ ಅಧ್ಯಯನ ನಡೆಸಲಾಯಿತು. ಲಸಿಕೆ ಕೊಟ್ಟದ್ದು ಅದನ್ನು ತಯಾರಿಸುವ ಕಂಪನಿಗಳೇ. ಖಮ್ಮಂನಲ್ಲಿ ಅನೇಕ ಹುಡುಗಿಯರ ಪರವಾಗಿ ತಂದೆತಾಯಿಗಳ ಬದಲು ಹಾಸ್ಟೆಲ್ ವಾರ್ಡನ್ನರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು. 2010ರ ಏಪ್ರಿಲ್‌ನಲ್ಲಿ ಅಧ್ಯಯನ ನಿಂತಿತು. ಏಳು ಹುಡುಗಿಯರ ಸಾವಿಗೂ ಲಸಿಕೆಗೂ ಸಂಬಂಧ ಕಾಣುವುದಿಲ್ಲ ಎಂದು ವಿಚಾರಣಾ ಸಮಿತಿ ಹೇಳಿತು. 2013ರ ಆಗಸ್ಟ್‌ನಲ್ಲಿ ಸಂಸದೀಯ ಸ್ಥಾಯಿ ಸಮಿತಿ ಒಪ್ಪಿಗೆ ಪಡೆದ ರೀತಿಯನ್ನೂ ಕಂಪನಿಗಳ ಹಿತದ ನೆರಳನ್ನೂ ಕಟುವಾಗಿ ಟೀಕಿಸಿತು. ಲಸಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುತ್ತದೆ. 2022ರಲ್ಲಿ ಭಾರತದ್ದೇ ಲಸಿಕೆಗೂ ಅನುಮತಿ ಸಿಕ್ಕಿತು. ಅಂದರೆ ಔಷಧಿ ಒಳ್ಳೆಯದಿದ್ದೂ ಅಧ್ಯಯನ ಕೆಟ್ಟದಿರಬಹುದು. ಹೈದರಾಬಾದಿನಲ್ಲಿ ಅಧ್ಯಯನ ಮಾಡಿದವರು ಪ್ರಾಮಾಣಿಕರಿದ್ದೂ ತೀರ್ಮಾನ ತಪ್ಪಾಗಿತ್ತು. ಇವೆರಡನ್ನೂ ಬೇರೆ ಬೇರೆಯಾಗಿ ತೂಗಬೇಕು. ಖಮ್ಮಂನಲ್ಲಿ ಹಾಗೆ ತೂಗದೆ ಹೋದದ್ದರಿಂದ ಒಳ್ಳೆಯ ಲಸಿಕೆಯ ಮೇಲೂ ಜನರ ನಂಬಿಕೆ ಕುಂದಿತು.

ನಮ್ಮ ಮನೆಬಾಗಿಲಲ್ಲಿ

ಇದೆಲ್ಲ ಸಂಶೋಧಕರ ವಿಷಯ, ನಮಗೇನು ಎನ್ನುವಂತಿಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹಾಗೂ ದಲಿತ ಹೆಣ್ಣುಮಕ್ಕಳಿಗೆ ಚಿಕ್ಕ ವಯಸ್ಸಿನಲ್ಲೇ, ಅಗತ್ಯವಿಲ್ಲದೆ ಗರ್ಭಕೋಶ ತೆಗೆಯಲಾಗಿದೆ ಎಂಬ ಆರೋಪ 2015ರಲ್ಲಿ ಬಯಲಾಯಿತು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರಿಗೆ ಕ್ಯಾನ್ಸರ್ ಭಯ ತೋರಿಸಲಾಗಿತ್ತು ಎಂಬುದು ದೂರು. ಸರ್ಕಾರ ತನಿಖೆ ನಡೆಸಿತು. 2017ರಲ್ಲಿ ನೊಂದ ಮಹಿಳೆಯರು ಕಲಬುರಗಿಯಲ್ಲಿ ಬೀದಿಗಿಳಿದು ನ್ಯಾಯ ಕೇಳಿದರು. ಬೇರೆ ರಾಜ್ಯಗಳ ಇಂಥದೇ ದೂರುಗಳ ಮೇಲೆ 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ 3 ತಿಂಗಳಲ್ಲಿ ಅಳವಡಿಸಿಕೊಳ್ಳಬೇಕೆಂದು ಆದೇಶಿಸಿತು. ಇಲ್ಲಿಯೂ ತೊಡಕು ಅದೇ. ರೋಗ ಯಾವುದೆಂದು ಹೇಳುವವನು, ಚಿಕಿತ್ಸೆ ಮಾಡುವವನು, ಅದರ ಹಣ ಪಡೆಯುವವನು ಒಬ್ಬನೇ ಆದಾಗ ರೋಗಿಯ ಪರವಾಗಿ ಕೇಳುವವರು ಯಾರೂ ಇರುವುದಿಲ್ಲ.

ಎಲ್ಲ ವೈದ್ಯರನ್ನೂ ಸಂಶಯದಿಂದ ನೋಡಬೇಕೆಂದು ಇದರ ಅರ್ಥವಲ್ಲ. ಸಂಶಯವೊಂದೇ ಮದ್ದಾದರೆ ಜನ ಲಸಿಕೆ ಬಿಟ್ಟು ತಾಯಿತದ ಮೊರೆ ಹೋಗುತ್ತಾರೆ. ಕೇಳಬೇಕಾದ ಪ್ರಶ್ನೆಗಳನ್ನು ಕೇಳಿದರೆ ಸಾಕು. ಈ ಮಾತು ಹೇಳುತ್ತಿರುವವರು ಯಾರು? ಇದರಿಂದ ಅವರಿಗೆ ಬರುವುದೇನು, ಹಣವೋ, ಹೆಸರೋ, ಗುರುವಿನ ಮಾನವೋ? ಪರೀಕ್ಷೆ ಮಾಡಿದವರು ಹೊರಗಿನವರೋ, ಒಳಗಿನವರೋ? ಒಪ್ಪದವರು ಏನೆನ್ನುತ್ತಾರೆ? ದೊಡ್ಡ ಶಸ್ತ್ರಚಿಕಿತ್ಸೆಗೆ ಮುನ್ನ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಲು ಸಂಕೋಚ ಬೇಡ. ಅದು ಮೊದಲ ವೈದ್ಯರಿಗೆ ಮಾಡುವ ಅವಮಾನವಲ್ಲ.

ಅಫಜಲ್‌ಗಂಜ್ ಆಸ್ಪತ್ರೆ 1908ರ ಮೂಸಿ ನದಿಯ ಪ್ರವಾಹದಲ್ಲಿ ನಾಶವಾಯಿತು. ಉಳಿದಿರುವುದು ಆಯೋಗದ ವರದಿ. ಅದರ ರೇಖೆಗಳು, ಛಾಯಾಚಿತ್ರಗಳು, ಪ್ರಯೋಗದ ದಿನಚರಿ ಎಲ್ಲವನ್ನೂ ಲೌರಿ ಮತ್ತು ಸಂಗಡಿಗರು ಬಚ್ಚಿಡದೆ ಅಚ್ಚು ಹಾಕಿಸಿದ್ದರು. ಹಾಗೆ ಅಚ್ಚಾದ ಕಾರಣದಿಂದಲೇ ಕೇಂಬ್ರಿಜ್‌ನವರಿಗೆ ಅದರ ತಪ್ಪು ಹುಡುಕಲು ಸಾಧ್ಯವಾಯಿತು. ನಿಜಾಮನ 1,000 ಪೌಂಡ್ ಪೂರ್ತಿ ವ್ಯರ್ಥವಾಗಲಿಲ್ಲ ಎನ್ನಲು ಅದೊಂದು ಕಾರಣ ಸಾಕು.